ನಾಲ್ಕೂಮುಕ್ಕಾಲರ ಬಸ್ಸು, ಒಂಬತ್ತನೆಯ ನಿಬಂಧನೆ

ಈ ಸಂಚಿಕೆಗೆ ನಮ್ಮ ಕಾಲದ ವಿದ್ಯಾರ್ಥಿ ಸಂಘದ ಕಥೆ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಫೋನ್ ಮಾಡಿದ ದಿನ ನಾನು ಮೊದಲು ಮಾಡಿದ ಕೆಲಸ ಏಣಿ ಹಾಕಿ ಅಟ್ಟ ಹತ್ತಿದ್ದು. ನಮ್ಮ ಸೀಮೆಯಲ್ಲಿ ಅಟ್ಟವೆಂದರೆ ಕೊಬ್ಬರಿಯದು. ಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿ ಕೂತು, ಒಳಗಿನ ನೀರು ಬತ್ತಿ, ಕುಲುಕಿದರೆ ಲೊಡಲೊಡ ಅನ್ನುವ ಉಂಡೆಯಾಗಬೇಕು. ಅದರ ಪಕ್ಕದಲ್ಲೇ, ಇಲಿ ಮುಟ್ಟದಿರಲೆಂದು ಟ್ರಂಕಿನಲ್ಲಿ ತುಂಬಿಟ್ಟ ಕಾಗದಪತ್ರ: ಪಹಣಿ, ಸೊಸೈಟಿ ರಶೀದಿ, ಯಾರ ಯಾರದೋ ಲಗ್ನಪತ್ರಿಕೆ. ಬೇಕಾದದ್ದು ತಳದಲ್ಲಿತ್ತು. ಹನ್ನೊಂದು ಪುಟದ ಸೈಕ್ಲೋಸ್ಟೈಲ್ ಪುಸ್ತಿಕೆ, ‘ವಿದ್ಯಾರ್ಥಿ ಸಂಘದ ನಿಬಂಧನೆಗಳು’. ಪಿನ್ನು ತುಕ್ಕು ಹಿಡಿದು ಕಾಗದವನ್ನೇ ತಿಂದಿದೆ. ಮೂಸಿದರೆ ಇಂದಿಗೂ ಕೊಬ್ಬರಿ ಎಣ್ಣೆ. ಒಂಬತ್ತನೆಯ ನಿಬಂಧನೆಯ ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ನನ್ನದೇ ಅಕ್ಷರ: ‘ಇದು ಬದಲಾಗಬೇಕು’.

ಕಾಲೇಜು ತಿಪಟೂರಿನದು, ಹೆಸರು ಬರೆಯುವುದಿಲ್ಲ. ಆ ಕಾಲಕ್ಕೆ ಸುತ್ತಿನ ಯಾವ ಕಾಲೇಜಿನ ಪುಸ್ತಿಕೆ ತೆರೆದಿದ್ದರೂ ಹೆಚ್ಚುಕಡಿಮೆ ಇದೇ ಇರುತ್ತಿತ್ತು. ಒಬ್ಬರದನ್ನು ನೋಡಿ ಇನ್ನೊಬ್ಬರು ಟೈಪು ಮಾಡಿಸಿಕೊಂಡ ಮಾಲು. ಪ್ರಿನ್ಸಿಪಾಲರು ಪದನಿಮಿತ್ತ ಅಧ್ಯಕ್ಷರು. ಪ್ರತಿ ಸೆಕ್ಷನ್ನಿಗೆ ಒಬ್ಬ ತರಗತಿ ಪ್ರತಿನಿಧಿ, ನಮ್ಮ ಬಾಯಲ್ಲಿ ಸಿ.ಆರ್. ಆ ಸಿ.ಆರ್.ಗಳು ಕೂತು ಉಪಾಧ್ಯಕ್ಷ, ಕಾರ್ಯದರ್ಶಿ, ಕ್ರೀಡಾ ಕಾರ್ಯದರ್ಶಿ, ಸಾಂಸ್ಕೃತಿಕ ಕಾರ್ಯದರ್ಶಿಯನ್ನು ಆರಿಸುವುದು. ಕೊನೆಗೆ ಒಂದು ಸಾಲು: ‘ಒಬ್ಬ ಮಹಿಳಾ ಪ್ರತಿನಿಧಿಯನ್ನು ಅಧ್ಯಾಪಕರು ನಾಮಕರಣ ಮಾಡತಕ್ಕದ್ದು.’ ಹುಡುಗಿಯರ ಪಾಲು ಅಷ್ಟೇ, ಅದೂ ಓಟಿಲ್ಲದೆ.

ಒಂಬತ್ತನೆಯ ನಿಬಂಧನೆ ಓದಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ‘ಸಂಘದ ಸರ್ವಸದಸ್ಯರ ಸಭೆಯನ್ನು ತರಗತಿಗಳು ಮುಗಿದ ನಂತರ ಸಂಜೆ 4.30ಕ್ಕೆ ಕರೆಯತಕ್ಕದ್ದು.’ ಬರೆದವರು ತಿಪಟೂರು ಪೇಟೆಯವರಿರಬೇಕು. ನೊಣವಿನಕೆರೆ ಮೇಲೆ ತುರುವೇಕೆರೆಗೆ ಹೋಗುವ ಬಸ್ಸು ಸ್ಟ್ಯಾಂಡು ಬಿಡುತ್ತಿದ್ದದ್ದು 4.45ಕ್ಕೆ. ಅದು ತಪ್ಪಿದರೆ ರಾತ್ರಿ ಏಳೂವರೆ ದಾಟಿದ ಮೇಲೆ ಒಂದು ಖಾಸಗಿ ಬಸ್ಸು, ಅದರಲ್ಲಿ ನಮ್ಮ ಪಾಸು ನಡೆಯದು. ಬುಧವಾರ, ಶನಿವಾರ ಕೊಬ್ಬರಿ ಹರಾಜಿನ ದಿನವಾದರಂತೂ ಬಸ್ಸಿನ ಟಾಪಿನ ಮೇಲೆ ಖಾಲಿ ಚೀಲ, ಒಳಗೆ ದುಡ್ಡು ಸಿಕ್ಕವರು ಸಿಕ್ಕದವರೆಲ್ಲ ಸೇರಿ ಮಾಡುವ ಗಲಾಟೆ. ನಿಲ್ಲಲು ಸಿಕ್ಕಿದ್ದೇ ಪುಣ್ಯ. ನಮ್ಮ ಫೀಸು ಕಟ್ಟುವ ದಿನವನ್ನೂ ಇದೇ ಹರಾಜು ನಿರ್ಧರಿಸುತ್ತಿತ್ತು. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಏನಪ್ಪ, ನಿಮ್ಮಪ್ಪಂದು ಕೊಬ್ಬರಿ ಹೋಯ್ತಾ?”

ಹಾಗಾಗಿ ಸಂಘದ ಸಭೆಯೆಂದರೆ ನಮ್ಮ ಪಾಲಿಗೆ ಹದಿನೈದು ನಿಮಿಷದ ಆಟ. ಹಿಂದಿನ ಸಭೆಯ ನಡಾವಳಿ ಓದುವಷ್ಟರಲ್ಲಿ ನೊಣವಿನಕೆರೆ, ಹೊನ್ನವಳ್ಳಿ, ಹಾಲ್ಕುರಿಕೆ ಕಡೆಯ ಬೆಂಚುಗಳೆಲ್ಲ ಖಾಲಿ. ಉಳಿಯುತ್ತಿದ್ದವರು ಪೇಟೆಯ ಹುಡುಗರು, ಹಾಸ್ಟೆಲಿನವರು. ವಾರ್ಷಿಕೋತ್ಸವಕ್ಕೆ ಯಾರನ್ನು ಕರೆಯಬೇಕು, ಕ್ರಿಕೆಟ್ ಕಿಟ್ಟಿಗೆ ಎಷ್ಟು, ವಾಲಿಬಾಲಿಗೆ ಎಷ್ಟು ಎಂಬುದೆಲ್ಲ ನಾವು ತುರುವೇಕೆರೆ ರಸ್ತೆಯಲ್ಲಿ ಜೋಲಿ ಹೊಡೆಯುತ್ತಿರುವಾಗಲೇ ತೀರ್ಮಾನವಾಗಿಬಿಡುತ್ತಿತ್ತು. ಮೂರು ವರ್ಷದಲ್ಲಿ ಕಬಡ್ಡಿಗೆ ಒಂದು ಬಿಡಿಕಾಸೂ ಬರಲಿಲ್ಲ ಅನ್ನುವುದು ಈಗಲೂ ನನ್ನ ಹೊಟ್ಟೆಯೊಳಗಿನ ಉರಿ. ಪೇಟೆಯವರಿಗೆ ನಮ್ಮೂರ ಹೆಸರೇ ತಮಾಷೆ, “ನೊಣದ ಕೆರೆಯೋರು ಹಾರಿಹೋದ್ರು” ಅನ್ನುತ್ತಿದ್ದರು. ನೊಣಬರ ಕೆರೆಯಿಂದ ಬಂದ ಹೆಸರೆಂದು ನಮ್ಮ ಹಿರಿಯರು ಹೇಳುವುದನ್ನು ಅವರಿಗೆ ವಿವರಿಸಲು ಪುರುಸೊತ್ತೆಲ್ಲಿ, ಬಸ್ಸು ಹೊರಟಿರುತ್ತಿತ್ತು.

ತಿದ್ದುಪಡಿಯ ಯೋಚನೆ ಹುಟ್ಟಿದ್ದು ಕಾಲೇಜಿನಲ್ಲಲ್ಲ, ಊರ ಪಂಚಾಯ್ತಿ ಕಟ್ಟೆಯಲ್ಲಿ. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಯಿತು. ಹೆಗಡೆಯವರ ಸರ್ಕಾರ, ನಜೀರ್ ಸಾಬರ ಖಾತೆ. 1983ರ ಕಾಯ್ದೆಯ ಪ್ರಕಾರ ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆ. ಅಡಿಗೆಮನೆಯ ಬಾಗಿಲು ದಾಟಿ ಮಾತಾಡದವರು ಎಂದು ನಾವು ತಿಳಿದಿದ್ದ ದೊಡ್ಡಮ್ಮಂದಿರು, ಅತ್ತೆಯರು ನಾಮಪತ್ರಕ್ಕೆ ಹೆಬ್ಬೆಟ್ಟೊತ್ತಿದರು. ಅದಾದ ಮೇಲೆ ನಮ್ಮ ಫೈನಲ್ ಬಿ.ಎ. ತರಗತಿಯ ಹುಡುಗಿಯೊಬ್ಬಳು ಬಸ್ಸಿನಲ್ಲಿ ಕೇಳಿದಳು: “ನಮ್ಮತ್ತೆ ಎಬ್ಬೆಟ್ಟು, ಮಂಡಲಕ್ಕೆ ನಿಂತವ್ರೆ. ನಾನು ಬಿ.ಎ. ಓದ್ತಿದೀನಿ, ನನ್ನ ಪ್ರತಿನಿಧಿನ ಮೇಷ್ಟ್ರು ಆರಿಸ್ತಾರೆ. ಇದ್ಯಾವ ನ್ಯಾಯ?” ಕಂಬಿ ಹಿಡಿದು ನಿಂತಿದ್ದ ನಾವು ನಾಲ್ಕೈದು ಜನ ಹುಡುಗರಿಗೆ ಉತ್ತರ ಹೊಳೆಯಲಿಲ್ಲ. ಮಾರನೆಯ ದಿನ ಲೈಬ್ರರಿಯಿಂದ ಪುಸ್ತಿಕೆ ತಂದು ಕೂತೆವು.

ಮೂರು ತಿದ್ದುಪಡಿ ಬರೆದೆವು. ಸಭೆ ಮಧ್ಯಾಹ್ನ ಒಂದೂವರೆಗೆ ನಡೆಯಬೇಕು. ಮಹಿಳಾ ಪ್ರತಿನಿಧಿಗಳು ಇಬ್ಬರಿರಬೇಕು, ಹುಡುಗಿಯರೇ ಓಟು ಹಾಕಿ ಆರಿಸಬೇಕು. ಮೂರನೆಯದು ನನ್ನ ಹುಚ್ಚು: ಸೆಕ್ಷನ್ನಿಗೊಬ್ಬ ಸಿ.ಆರ್. ಇರುವ ಹಾಗೆ ಬಸ್ಸಿನ ದಾರಿಗೊಬ್ಬ ಪ್ರತಿನಿಧಿ ಇರಬೇಕು. ನನ್ನ ವಾದ ಸರಳವಾಗಿತ್ತು. ಎ ಸೆಕ್ಷನ್ನು, ಬಿ ಸೆಕ್ಷನ್ನು ಎಂಬುದು ಹಾಜರಿ ಪುಸ್ತಕದ ಅನುಕೂಲಕ್ಕೆ ಮಾಡಿಕೊಂಡ ಪಾಲು. ಅಲ್ಲಿ ಅಕ್ಕಪಕ್ಕ ಕೂತವರಿಗೆ ಒಂದೇ ಪಾಠ ಇರಬಹುದು, ಒಂದೇ ಕಷ್ಟ ಇರುವುದಿಲ್ಲ. ಒಂದೇ ಬಸ್ಸಿಗೆ ಕಾಯುವವರ ಕಷ್ಟ ಒಂದೇ.

ತಿದ್ದುಪಡಿ ಮಾಡುವುದು ಹೇಗೆಂದು ನಿಬಂಧನೆಯೇ ಹೇಳುತ್ತಿತ್ತು. ಸರ್ವಸದಸ್ಯರ ಸಭೆಯಲ್ಲಿ ಮೂರನೇ ಎರಡು ಬಹುಮತ ಬೇಕು. ಸಭೆಗೆ ಒಟ್ಟು ವಿದ್ಯಾರ್ಥಿಗಳಲ್ಲಿ ಮೂರನೇ ಒಂದರಷ್ಟು ಕೋರಂ ಇರಬೇಕು. ಸಭೆಯ ಹೊತ್ತು? ಒಂಬತ್ತನೆಯ ನಿಬಂಧನೆಯ ಪ್ರಕಾರ ಸಂಜೆ 4.30.

ಫೆಬ್ರವರಿಯ ಆ ಸಂಜೆ ಹಾಲ್ ತುಂಬಿತ್ತು. ಮೊದಲು ಎದ್ದವನು ಪೇಟೆಯ ಗೆಳೆಯ. “ಇವತ್ತು ಬಸ್ಸು ಅಂತೀರ, ನಾಳೆ ಸೈಕಲ್ಲಿನೋರು ಕೇಳ್ತಾರೆ, ನಾಳಿದ್ದು ಬುತ್ತಿ ತರೋರು” ಎಂದ. ಎಲ್ಲರೂ ನಕ್ಕರು, ನಾವೂ ನಕ್ಕೆವು. ಎರಡನೆಯವನು ಹಾಸ್ಟೆಲಿನವನು, ದಲಿತ ಹುಡುಗ, ಸಭೆಯಲ್ಲಿ ಬಾಯಿ ತೆರೆದದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ. ಅವನು ಹೇಳಿದ್ದು ಯಾರನ್ನೂ ನಗಿಸಲಿಲ್ಲ: “ದಾರಿಗೊಬ್ಬ ಅಂದ್ರೆ ದಾರಿಯಲ್ಲಿ ತೋಟ ಇರೋರ ಮಗನೇ ಬತ್ತಾನೆ. ಬಸ್ಸಲ್ಲಿ ನೀವು ನಮ್ಮ ಪಕ್ಕ ನಿಂತ್ಕಂತೀರ, ಊರಲ್ಲಿ ನಿಂತ್ಕಂತೀರ?” 1973ರ ಬೂಸಾ ಪ್ರಕರಣದಲ್ಲಿ, ಕನ್ನಡ ಸಾಹಿತ್ಯದ ಬಗ್ಗೆ ಸಚಿವ ಬಸವಲಿಂಗಪ್ಪನವರು ಆಡಿದ ಒಂದು ಮಾತಿಗೆ ಹಾಸ್ಟೆಲುಗಳ ದಲಿತ ಹುಡುಗರು ಹೊಡೆತ ತಿಂದದ್ದು, ಹೊಡೆದವರಲ್ಲೂ ವಿದ್ಯಾರ್ಥಿಗಳೇ ಇದ್ದದ್ದು ಅವರ ಹಾಸ್ಟೆಲಿನಲ್ಲಿ ಬಾಯಿಂದ ಬಾಯಿಗೆ ಬಂದ ಕಥೆ. ನಮಗೆ ಅದು ಪೇಪರಿನ ಹಳೆ ಸುದ್ದಿ. ಒಂದೇ ಬಸ್ಸಿಗೆ ಕಾಯುವವರ ಕಷ್ಟ ಒಂದೇ ಎಂದು ಬರೆದುಕೊಂಡಿದ್ದ ಚೀಟಿ ನನ್ನ ಜೇಬಿನಲ್ಲೇ ಉಳಿಯಿತು.

ಓಟಿಗೆ ಹಾಕುವ ಹೊತ್ತಿಗೆ 4.40. ಹಿಂದಿನ ಸಾಲಿನಲ್ಲಿ ಚೀಲಗಳ ಸದ್ದು. “ಬಸ್ಸು ಹೋಯ್ತದೆ ಸಾರ್, ಬೇಗ ಎಣಿಸಿ” ಎಂದು ಯಾರೋ ಕೂಗಿದರು. ಎಣಿಸಲು ಎದ್ದ ಅಧ್ಯಾಪಕರು ಎರಡು ಸಾಲು ಎಣಿಸಿ ತಲೆಯೆತ್ತುವಷ್ಟರಲ್ಲಿ ಮೂರನೇ ಸಾಲೇ ಇರಲಿಲ್ಲ. ಅವರು ಕನ್ನಡಕ ತೆಗೆದು ಒರೆಸುತ್ತ, “ಬಸ್ಸಿನವರ ತಿದ್ದುಪಡಿಗೆ ಬಸ್ಸಿನವರೇ ಇಲ್ವಲ್ಲಪ್ಪ” ಎಂದರು. ಕೋರಂ ಇಲ್ಲದ್ದರಿಂದ ಸಭೆ ಮುಂದಕ್ಕೆ. ನಾನು ನಿಯತ್ತಿನಿಂದ ಕೊನೆತನಕ ಕೂತಿದ್ದೆ. ಆ ರಾತ್ರಿ ಮನೆ ಸೇರಿದಾಗ ಒಂಬತ್ತೂವರೆ, ಅಪ್ಪನ ಕೈಲಿ ಬೈಸಿಕೊಂಡದ್ದು ಬೇರೆ.

ಮುಂದಕ್ಕೆ ಹೋದ ಸಭೆ ಮತ್ತೆ ಸೇರಲಿಲ್ಲ. ಪರೀಕ್ಷೆ ಬಂತು, ನಾವು ಹೊರಬಿದ್ದೆವು. ಎರಡು ವರ್ಷ ಕಳೆಯುವಷ್ಟರಲ್ಲಿ ತಿದ್ದಲು ಸಂಘವೇ ಉಳಿಯಲಿಲ್ಲ. ಕಾಲೇಜು ಚುನಾವಣೆಗಳ ಹೊಡೆದಾಟ ಮಿತಿಮೀರಿತೆಂದು 1989–90ರ ಸುಮಾರಿಗೆ ರಾಜ್ಯ ಸರ್ಕಾರ ಅವನ್ನು ನಿಲ್ಲಿಸಿಬಿಟ್ಟಿತು. ಹೊಡೆದಾಟ ಸುಳ್ಳಲ್ಲ. ಚುನಾವಣೆ ವಾರ ಸೈಕಲ್ ಚೈನು ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದವರನ್ನು ನಾನೇ ಕಂಡಿದ್ದೆ. ನಮ್ಮಪ್ಪನಂಥವರು “ಒಳ್ಳೇದೇ ಆಯ್ತು ಬಿಡು, ಓದೋಕೆ ಕಳ್ಸಿರೋದು” ಎಂದು ನಿಟ್ಟುಸಿರು ಬಿಟ್ಟರು. ಆದರೆ ಒಂದು ವಿಚಿತ್ರ ನೋಡಿ. ಸಂವಿಧಾನದ 61ನೇ ತಿದ್ದುಪಡಿ ಜಾರಿಗೆ ಬಂದು ಓಟಿನ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರ ಮಾರ್ಚ್ 28ರಂದು. ದೇಶದ ಪ್ರಧಾನಿ ಯಾರಾಗಬೇಕೆಂದು ಹೇಳುವ ಹಕ್ಕು ಬಂದ ಕಾಲದಲ್ಲೇ ವಾಲಿಬಾಲ್ ನೆಟ್ಟಿಗೆ ಎಷ್ಟು ಖರ್ಚಾಗಬೇಕೆಂದು ಹೇಳುವ ಹಕ್ಕು ನಮ್ಮ ತಮ್ಮಂದಿರಿಂದ ಹೋಯಿತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಹೆಚ್ಚು ಅಂಕ ಬಂದವರು ಸಿ.ಆರ್., ಉಳಿದದ್ದಕ್ಕೆ ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿಗಳು. ನಾನು ಮೇಷ್ಟ್ರಾಗಿ ಬೇರೆ ಬೇರೆ ಊರಿನಲ್ಲಿ ಕಳೆದ ವರ್ಷಗಳಲ್ಲಿ ಆ ಕೆಲಸವನ್ನೂ ಮಾಡಿದ್ದೇನೆ, ನಾಮಕರಣವನ್ನೂ ಮಾಡಿದ್ದೇನೆ. ಆರಿಸಿದ್ದು ಹೆಚ್ಚಾಗಿ ಹೇಳಿದ ಮಾತು ಕೇಳುವವರನ್ನೇ. ಮೇಲಿನ ಹಂತದಲ್ಲೂ ಅದೇ ಕಥೆ: 1976ರ ವಿಶ್ವವಿದ್ಯಾನಿಲಯ ಕಾಯ್ದೆಯಲ್ಲಿದ್ದ ಸೆನೆಟ್ ಎಂಬ ದೊಡ್ಡ ಸಭೆ 2000ದ ಕಾಯ್ದೆಯಲ್ಲಿ ಇಲ್ಲ. 2004ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರೆಯಾಗಿ ತುಮಕೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅಂಕಪಟ್ಟಿಯ ಮೇಲಿನ ಹೆಸರು ಹತ್ತಿರದ ಊರಿನದಾಯಿತು, ವಿದ್ಯಾರ್ಥಿಯ ಓಟು ಹತ್ತಿರ ಬರಲಿಲ್ಲ.

ಈ ನಡುವೆ ಕೇರಳದಲ್ಲಿ ಒಂದು ವ್ಯಾಜ್ಯ ಎದ್ದಿತ್ತು. ಸಿ.ಆರ್.ಗಳು ಸೇರಿ ಪದಾಧಿಕಾರಿಗಳನ್ನು ಆರಿಸುವ ಪಾರ್ಲಿಮೆಂಟರಿ ಪದ್ಧತಿಯೋ, ಎಲ್ಲರೂ ನೇರ ಓಟು ಹಾಕುವ ಪದ್ಧತಿಯೋ ಎಂಬ, ನಮ್ಮ ಹನ್ನೊಂದು ಪುಟದ ಪುಸ್ತಿಕೆಯಲ್ಲೂ ಹುದುಗಿದ್ದ ಪ್ರಶ್ನೆ. ಅದು ಸುಪ್ರೀಂ ಕೋರ್ಟಿಗೆ ಹೋಗಿ, ಅಲ್ಲಿಂದ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿಯಾಗಿ, 2006ರ ಸೆಪ್ಟೆಂಬರ್ 22ರಂದು ಆ ವರದಿಯನ್ನು ಜಾರಿಮಾಡಲು ಕೋರ್ಟು ಆದೇಶ ಕೊಟ್ಟಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು. ಅಚ್ಚುಹಾಕಿಸಿದ ಪೋಸ್ಟರ್ ಬೇಡ, ಕೈಬರಹದ್ದಾದರೆ ಸರಿ. ಪದವಿ ವಿದ್ಯಾರ್ಥಿಗೆ 17ರಿಂದ 22 ವಯಸ್ಸು. ಪದಾಧಿಕಾರಿಯಾಗಲು ಒಂದೇ ಅವಕಾಶ. ಇಡೀ ಚುನಾವಣೆ ಹತ್ತು ದಿನದೊಳಗೆ ಮುಗಿಯಬೇಕು. ನಾಮಕರಣವನ್ನೂ ಸಮಿತಿ ಒಪ್ಪಿತ್ತು, ಆದರೆ ವಾತಾವರಣ ಕೆಟ್ಟಿರುವ ಕಡೆ, ತಾತ್ಕಾಲಿಕವಾಗಿ. ನಮ್ಮಲ್ಲಿ ಆ ತಾತ್ಕಾಲಿಕಕ್ಕೆ ಮೂವತ್ತೈದು ವರ್ಷ ತುಂಬಿದೆ.

ಲಿಂಗ್ಡೊ ನಿಯಮಗಳನ್ನು ನಾನು ಗೌರವದಿಂದಲೇ ಓದಿದ್ದೇನೆ, ಆದರೆ ಒಂದು ಕಡೆ ತಡವರಿಸುತ್ತೇನೆ. ನಿಲ್ಲುವವನಿಗೆ ಹಾಜರಿ ನೂರಕ್ಕೆ 75 ಇರಬೇಕಂತೆ. ಕಾಯಿ ಕೀಳಿಸುವ, ಕೊಬ್ಬರಿ ಸುಲಿಸುವ ವಾರಗಳಲ್ಲಿ ಆಳು ಸಿಗದೆ ಮನೆಯಲ್ಲಿ ನಿಂತ ಹುಡುಗನ ಹಾಜರಿ ಎಲ್ಲಿಂದ ಬರಬೇಕು? ಪುಂಡರನ್ನು ತಡೆಯಲು ಹಾಕಿದ ಬೇಲಿ ಬಡವರನ್ನೂ ತಡೆಯುತ್ತದೆ. ದೆಹಲಿಯ ಜೆ.ಎನ್.ಯು. ವಿದ್ಯಾರ್ಥಿಗಳು ತಮ್ಮ ಸಂಘದ ಸಂವಿಧಾನವನ್ನು ತಾವೇ ಬರೆದುಕೊಂಡು, ಚುನಾವಣಾ ಸಮಿತಿಯನ್ನೂ ತಮ್ಮಲ್ಲೇ ಮಾಡಿಕೊಂಡು ಓಟು ನಡೆಸುತ್ತಿದ್ದವರು. ಈ ನಿಯಮಗಳಿಗೆ ಹೊಂದುವುದಿಲ್ಲವೆಂದು 2008ರಲ್ಲಿ ಅವರ ಚುನಾವಣೆಗೇ ತಡೆ ಬಿದ್ದು, ಮತ್ತೆ ನಡೆದದ್ದು 2012ರಲ್ಲಿ. ಹೊರಗಿನಿಂದ ಬಂದ ನಿಯಮಕ್ಕೂ ಒಳಗಿನವರು ಬರೆದುಕೊಂಡ ನಿಬಂಧನೆಗೂ ಜಗಳ ಇದ್ದದ್ದೇ.

2025ರ ಕೊನೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಕಾಲೇಜು ಚುನಾವಣೆಗಳನ್ನು ಮತ್ತೆ ತರುವ ಮಾತೆತ್ತಿದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಜೀವ ಬಂತು. ಶಿವಕುಮಾರ್ ನಮ್ಮೂರ ಕಾಡಸಿದ್ಧೇಶ್ವರ ಮಠಕ್ಕೆ, ನಾವು ಅಜ್ಜಯ್ಯ ಅನ್ನುವ ಗದ್ದುಗೆಗೆ ನಡೆದುಕೊಳ್ಳುವವರು. ಅವರ ಕಾರು ಬಂದಾಗಲೆಲ್ಲ ಟಿ.ವಿ.ಯವರು ಪ್ರಸಾದ ಯಾವ ಕಡೆಯಿಂದ ಬಿತ್ತು ಎಂದು ಕೇಳುತ್ತಾರೆ; ನಮ್ಮ ಗುಂಪಿನವರು ಸಂಘದ ವಿಷಯ ಕೇಳಿಬಿಡೋಣ ಎಂದು ಎರಡು ಸಲ ಹೊರಟು ಜನಜಂಗುಳಿ ನೋಡಿ ವಾಪಸಾದರು. ಕೊನೆಗೆ, ಸರ್ಕಾರ ತರಲಿ ಬಿಡಲಿ, ಒಂದು ಮಾದರಿ ನಿಬಂಧನೆಯಂತೂ ಬರೆದಿಡೋಣ ಎಂದು ಕೂತೆವು. ಮಧ್ಯಾಹ್ನದ ಸಭೆಗೆ ಎಲ್ಲರದೂ ಒಪ್ಪಿಗೆ. ಹುಡುಗಿಯರಿಗೆ ಅರ್ಧ ಸ್ಥಾನ ಎಂಬುದಕ್ಕೂ ಹೆಚ್ಚು ಮಾತು ಬರಲಿಲ್ಲ. ಹಾಸ್ಟೆಲಿನಲ್ಲಿದ್ದ ಆ ಗೆಳೆಯ ಈಗ ನಿವೃತ್ತ ಅಧಿಕಾರಿ. ಪ್ರತಿ ದಾರಿಗೂ ಎರಡು ಸ್ಥಾನ ಮಾಡಿ, ಒಂದನ್ನು ಸರದಿಯ ಮೇಲೆ ಪರಿಶಿಷ್ಟರಿಗೆ ಮೀಸಲಿಡಬೇಕೆಂದು ಬರೆದುಕೊಟ್ಟ. ನನ್ನ ಜೇಬಿನ ಚೀಟಿಗೆ ಮೂವತ್ತೆಂಟು ವರ್ಷದ ಮೇಲೆ ಸಿಕ್ಕ ತಿದ್ದುಪಡಿ ಅದು. ಮೀಸಲಿನ ಲೆಕ್ಕ ಹೇಗೆಂಬುದರ ಮೇಲೆ ಗುಂಪಿನಲ್ಲಿ ಇನ್ನೂ ಜಗಳ ನಡೆದಿದೆ, ಇಬ್ಬರು ಮುನಿಸಿಕೊಂಡು ಹೊರಗೂ ಹೋಗಿದ್ದಾರೆ.

ಕರಡನ್ನು ಈಗ ಓದುತ್ತಿರುವವರಿಗೂ ತೋರಿಸಬೇಕಲ್ಲ. ನಮ್ಮ ಬೀದಿಯ ಹುಡುಗಿಯೊಬ್ಬಳು ಬಿ.ಕಾಂ. ಓದುತ್ತಾಳೆ. ಬೆಳಗ್ಗೆ ನೊಣವಿನಕೆರೆ ಬಸ್ ನಿಲ್ದಾಣದಲ್ಲಿ ಅವಳ ಕೈಗೆ ಹಳೆ ಪುಸ್ತಿಕೆ, ಹೊಸ ಕರಡು ಎರಡನ್ನೂ ಕೊಟ್ಟೆ. ಹುಡುಗರು ಬೈಕಿನಲ್ಲಿ ಹೋಗಿಬಿಡುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹೆಣ್ಣುಮಕ್ಕಳದೇ. ಹೀಗಾಗಿ ‘ಬಸ್ಸಿನ ದಾರಿಗೊಬ್ಬ’ ಎಂದು ನಾನು ಬರೆದದ್ದು ‘ಒಬ್ಬಳು’ ಎಂದಾಗಬೇಕೇನೋ ಎಂದುಕೊಳ್ಳುತ್ತಿದ್ದೆ. ಅವಳು ನಿಂತಲ್ಲೇ ಎರಡು ಪುಟ ಓದಿದಳು.

“ತಾತ, ನಮಗೆ ಸೀಟು ಬೇಕಾಗಿರೋದು ಸಭೇಲಲ್ಲ, ಬಸ್ಸಲ್ಲಿ” ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, “ಇನ್ನೊಂದು ಬಸ್ಸು ಬಿಡಿ ಅಂತ ಡಿಪೋಗೆ ಬರೆಯೋ ಅಧಿಕಾರ ಈ ಪ್ರತಿನಿಧಿಗೆ ಇರುತ್ತಾ?” ಎಂದು ಕೇಳಿದಳು.

ಕರಡಿನಲ್ಲಿ ಅದಿರಲಿಲ್ಲ. ಪೆನ್ನು ತೆಗೆದುಕೊಂಡು ಅಂಚಿನಲ್ಲಿ ಬರೆಯತೊಡಗಿದಳು. ಅರ್ಧ ವಾಕ್ಯವಾಗುವಷ್ಟರಲ್ಲಿ ಬಸ್ಸು ಬಂತು. ಎರಡು ಪುಸ್ತಿಕೆಯನ್ನೂ ಎದೆಗವಚಿಕೊಂಡು ಓಡಿದಳು. ಸಂಚಿಕೆ ಅಚ್ಚಿಗೆ ಹೋಗುವ ಈ ಹೊತ್ತಿನವರೆಗೂ ಅವು ವಾಪಸು ಬಂದಿಲ್ಲ.