ಕಿಲೋಮೀಟರ್‌ಗೆ ನಾಲ್ಕು ನಿಮಿಷ: ಬೆಳಗಾವಿಯ ಫಡೆಪ್ಪ ಚೌಗುಲೆ ಓಡಿದ ಮ್ಯಾರಥಾನ್

2 ಗಂಟೆ 50 ನಿಮಿಷ 45.4 ಸೆಕೆಂಡ್. 1920ರ ಆಗಸ್ಟ್ 22ರಂದು ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ನಡೆದ ಒಲಿಂಪಿಕ್ ಮ್ಯಾರಥಾನ್ ಮುಗಿಸಲು ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ತೆಗೆದುಕೊಂಡ ಸಮಯ ಇದು. ಬಂದ ಸ್ಥಾನ 19. ಒಲಿಂಪಿಕ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲ ಭಾರತೀಯ ಅವರೇ. ಹತ್ತೊಂಬತ್ತನೇ ಸ್ಥಾನ ತಾನೇ, ಪದಕವೇನೂ ಬರಲಿಲ್ಲವಲ್ಲ ಅಂತ ಪುಟ ತಿರುಗಿಸೋರೇ ಹೆಚ್ಚು. ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಆಂಟ್‌ವರ್ಪ್ ಮ್ಯಾರಥಾನ್‌ನ ದೂರ ಈಗಿನ 42.195 ಕಿ.ಮೀ. ಅಲ್ಲ, 42.75 ಕಿ.ಮೀ. ಒಲಿಂಪಿಕ್ಸ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್ ಅದು. (42.195 ಅನ್ನೋದು ಅಧಿಕೃತ ಅಳತೆ ಆಗಿದ್ದು ಮರುವರ್ಷ, 1921ರಲ್ಲಿ.) ಚೌಗುಲೆಯವರ ಸಮಯವನ್ನು ಆ ದೂರದಿಂದ ಭಾಗಿಸಿದರೆ ಕಿಲೋಮೀಟರ್‌ಗೆ ನಾಲ್ಕು ನಿಮಿಷ ಬರುತ್ತೆ, ಒಂದು ಕೂದಲೆಳೆ ಕಡಿಮೆಯೇ. ಅದೇ ವೇಗದಲ್ಲಿ ಇಂದಿನ ದೂರ ಓಡಿದ್ದರೆ ಸುಮಾರು 2 ಗಂಟೆ 48 ನಿಮಿಷ 30 ಸೆಕೆಂಡ್. ಕಾರ್ಬನ್ ಪ್ಲೇಟ್ ಇರೋ ಶೂ ಹಾಕಿ, ಕೈಗೆ ಜಿಪಿಎಸ್ ವಾಚ್ ಕಟ್ಟಿ, ಕೋಚ್ ಇಟ್ಟುಕೊಂಡು ವರ್ಷಗಟ್ಟಲೆ ಅಭ್ಯಾಸ ಮಾಡುವ ಬೆಂಗಳೂರಿನ ಹವ್ಯಾಸಿ ಓಟಗಾರರನ್ನು ಕೇಳಿ, ಈ ಸಮಯ ಎಂಥದ್ದು ಅಂತ ಅವರೇ ಹೇಳ್ತಾರೆ.

ಇನ್ನೊಂದು ಹೋಲಿಕೆ ನಮ್ಮ ಕಡೆಯದು. ಅಫಜಲಪುರ ತಾಲೂಕಿನ ಕರಜಗಿ ಕಡೆಗೋ, ಆಳಂದ-ಜೇವರ್ಗಿ ಕಡೆಗೋ ಬೆಳಗಿನ ಜಾವ ಹೋಗಿ ನೋಡಿ. ತೊಗರಿ ಹೊಲಗಳ ನಡುವಿನ ಡಾಂಬರು ರಸ್ತೆಯಲ್ಲಿ ಹುಡುಗರು ಓಡ್ತಿರ್ತಾರೆ. ಯಾರೂ ಒಲಿಂಪಿಕ್ಸ್ ಕನಸು ಕಂಡು ಓಡ್ತಿರೋದಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಫಿಸಿಕಲ್‌ಗೆ, ಇಲ್ಲಾ ಅಗ್ನಿವೀರ್ ರ್‍ಯಾಲಿಗೆ ತಯಾರಿ ಅದು. ಕಾನ್‌ಸ್ಟೆಬಲ್ ಆಗಬೇಕಾದ ಹುಡುಗ 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅಂದರೆ ಕಿಲೋಮೀಟರ್‌ಗೆ ಸುಮಾರು 4 ನಿಮಿಷ 4 ಸೆಕೆಂಡ್. ಈ ಗಡಿ ದಾಟಲಾಗದೆ ಪ್ರತಿ ನೇಮಕಾತಿಯಲ್ಲೂ ಹುಡುಗರು ಮೈದಾನದಲ್ಲೇ ಕೂತುಬಿಡ್ತಾರೆ. ಚೌಗುಲೆ ಇದಕ್ಕಿಂತ ವೇಗವಾಗಿ, ಇದರ ಸುಮಾರು 27 ಪಟ್ಟು ದೂರ ಓಡಿದರು. ಅದೂ ನೂರು ವರ್ಷಕ್ಕೂ ಹಿಂದೆ.

ಅವರು ಅಲ್ಲಿಗೆ ಹೋಗಿದ್ದು ಹೇಗೆ ಅನ್ನೋ ಕಥೆಯಲ್ಲಿ ಯೋಜನೆಗಿಂತ ಆಕಸ್ಮಿಕವೇ ಹೆಚ್ಚು. ಪುಣೆಯ ಡೆಕ್ಕನ್ ಜಿಮ್‌ಖಾನಾ ಶುರುವಾಗಿದ್ದು 1906ರಲ್ಲಿ. ಉದ್ಯಮಿ ದೊರಾಬ್ಜಿ ಟಾಟಾ ಅದರ ಅಧ್ಯಕ್ಷರಾದರು. 1919ರ ಅಲ್ಲಿನ ಕ್ರೀಡಾಕೂಟದಲ್ಲಿ ದೂರದ ಓಟ ಓಡಿದವರಲ್ಲಿ ಹೆಚ್ಚಿನವರು ಹಳ್ಳಿಯ ರೈತ ಹುಡುಗರು. ಕಾಲಲ್ಲಿ ಶೂ ಇಲ್ಲ, ಇಂಗ್ಲಿಷ್ ಆಟದ ನಿಯಮ ಗೊತ್ತಿಲ್ಲ. ಆದರೂ ಅವರ ಸಮಯ ಯುರೋಪಿನ ಓಟಗಾರರ ಸಮಯದ ಪಕ್ಕ ಇಡಬಹುದಾದಷ್ಟಿತ್ತು. ಹತ್ತು ವರ್ಷದ ನಂತರ, 1929ರಲ್ಲಿ, ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ದೊರಾಬ್ಜಿ ಇದನ್ನೇ ನೆನಪಿಸಿಕೊಂಡಿದ್ದಾರೆ. ಒಳ್ಳೆ ಊಟ, ಇಂಗ್ಲಿಷ್ ಕೋಚ್‌ಗಳ ತರಬೇತಿ ಸಿಕ್ಕರೆ ಇವರು ಹೆಸರು ತರ್ತಾರೆ ಅನ್ನಿಸಿ, ಮೂವರು ಓಟಗಾರರನ್ನು ಸ್ವಂತ ಖರ್ಚಿನಲ್ಲಿ ಕಳಿಸಲು ಮುಂದಾದರು. ಬಾಂಬೆ ಗವರ್ನರ್ ಜಾರ್ಜ್ ಲಾಯ್ಡ್ ಅವರ ನೆರವಿನಿಂದ ಭಾರತಕ್ಕೆ ಪ್ರತ್ಯೇಕ ತಂಡದ ಅವಕಾಶ ಸಿಕ್ಕಿತು. ದೊರಾಬ್ಜಿ ಅದೇ ವರ್ಷ ಐಒಸಿ ಸದಸ್ಯರೂ ಆದರು.

ಆಯ್ಕೆ ಮಾಡುವವರ ತಿಳಿವಳಿಕೆ ಹೇಗಿತ್ತು ಅನ್ನೋಕೆ ಒಂದು ಪ್ರಸಂಗವಿದೆ. 100 ಮೀಟರ್ ಓಟಕ್ಕೆ ಒಲಿಂಪಿಕ್ಸ್ ಮಟ್ಟದ ಸಮಯ ಎಷ್ಟಿರಬಹುದು ಅಂತ ಕೇಳಿದರೆ, ಜಿಮ್‌ಖಾನಾದ ಪದಾಧಿಕಾರಿಯೊಬ್ಬರು ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಏನು ಬೇಕಾದರೂ ಇರಬಹುದು ಅಂದರಂತೆ. ಸೆಕೆಂಡಿನ ಹತ್ತನೇ ಭಾಗದಲ್ಲಿ ಸೋಲು-ಗೆಲುವು ಅಂತ ತಿಳಿದಾಗ ಅವರಿಗೆ ನಂಬೋಕಾಗಲಿಲ್ಲ. ನಗು ಬರುತ್ತೆ, ನಿಜ. ಓಡುವವರು ಯುರೋಪಿನ ಮಟ್ಟಕ್ಕೆ ಹತ್ತಿರ ಬಂದಿದ್ದರು, ಆರಿಸುವವರಿಗೆ ಗಡಿಯಾರದ ಲೆಕ್ಕ ಗೊತ್ತಿರಲಿಲ್ಲ.

ಕೊನೆಗೆ ಹೋದವರು ಆರು ಜನ. ಓಟಕ್ಕೆ ಪೂರ್ಮ ಬ್ಯಾನರ್ಜಿ, ಚೌಗುಲೆ, ಸದಾಶಿವ ದಾತಾರ್, ಕೈಕಾಡಿ. ಕುಸ್ತಿಗೆ ಕುಮಾರ್ ನವಲೆ ಮತ್ತು ರಣಧೀರ್ ಶಿಂದೆ. ಇದಕ್ಕೂ ಮೊದಲು 1900ರ ಪ್ಯಾರಿಸ್‌ನಲ್ಲಿ ನಾರ್ಮನ್ ಪ್ರಿಚರ್ಡ್ ಎರಡು ಬೆಳ್ಳಿ ಗೆದ್ದಿದ್ದರು, ಆದರೆ ಅವರು ಓಡಿದ್ದು ಭಾರತಕ್ಕೋ ಬ್ರಿಟನ್ನಿಗೋ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ತಂಡ ಅಂತ ಭಾರತದಿಂದ ಹೋಗಿದ್ದು 1920ರಲ್ಲೇ ಮೊದಲು.

ಆ ವರ್ಷದ ರಾಜಕೀಯವನ್ನೂ ಪಕ್ಕದಲ್ಲಿಟ್ಟು ನೋಡಬೇಕು. ತಂಡ ಯುರೋಪಿನಲ್ಲಿದ್ದಾಗ, ಆಗಸ್ಟ್ 1ರಂದು, ಬಾಂಬೆಯಲ್ಲಿ ತಿಲಕರು ತೀರಿಕೊಂಡರು. ಅದೇ ದಿನ ಗಾಂಧಿ ಅಸಹಕಾರ ಚಳವಳಿಗೆ ಚಾಲನೆ ಕೊಟ್ಟರು. ಸರ್ಕಾರದ ಬಿರುದು, ಶಾಲೆ, ಕೋರ್ಟು ಬಿಡಿ ಅಂತ ದೇಶದಲ್ಲಿ ಕರೆ ಹೋಗ್ತಿದ್ದಾಗ, ಮೂರು ವಾರದ ಅಂತರದಲ್ಲಿ ಬೆಳಗಾವಿಯ ಒಬ್ಬ ಓಟಗಾರ ಬ್ರಿಟಿಷ್ ಇಂಡಿಯಾದ ಬಾವುಟದಡಿ ಆಂಟ್‌ವರ್ಪ್‌ನಲ್ಲಿ ಓಡ್ತಿದ್ದರು. ಇದನ್ನು ರಾಜಭಕ್ತಿ ಅಂತ ಓದೋದು ಸೋಮಾರಿತನ. ಬೆಲ್ಜಿಯಂ ನೆಲಕ್ಕೆ ಭಾರತೀಯರನ್ನು ಬ್ರಿಟಿಷರು ಕರೆದೊಯ್ದಿದ್ದು ಅದೇ ಮೊದಲೇನೂ ಅಲ್ಲ. 1914-15ರಲ್ಲಿ ಈಪ್ರ್ ಸುತ್ತಮುತ್ತ ಇಲ್ಲಿಂದ ಹೋದ ಸಿಪಾಯಿಗಳು ಸತ್ತಿದ್ದರು. ಐದೇ ವರ್ಷದ ನಂತರ ಅದೇ ದೇಶದಲ್ಲಿ ಬಂದೂಕಿಲ್ಲದೆ ತನ್ನ ಹೆಸರಲ್ಲೇ ಓಡುವ ಅವಕಾಶ ಸಿಕ್ಕಿದ್ದನ್ನು ಸಣ್ಣದು ಅನ್ನೋಕೆ ನನಗಂತೂ ಆಗಲ್ಲ.

ಚೌಗುಲೆ 10,000 ಮೀಟರ್ ಓಟದಲ್ಲೂ ಇಳಿದರು, ಪೂರ್ತಿ ಮಾಡಲಿಲ್ಲ. ಮ್ಯಾರಥಾನ್ ದಿನ ತಂಪು ಹವೆ, ಮಳೆ. ಜೊತೆಗೆ ಹೊರಟ ದಾತಾರ್ ಓಟ ಮುಗಿಸಲಾಗಲಿಲ್ಲ. ಗೆದ್ದಿದ್ದು ಫಿನ್‌ಲೆಂಡಿನ ಹ್ಯಾನ್ನೆಸ್ ಕೊಲೆಮೈನೆನ್, 2 ಗಂಟೆ 32 ನಿಮಿಷ 35.8 ಸೆಕೆಂಡಿನಲ್ಲಿ. ಹದಿಮೂರೇ ಸೆಕೆಂಡು ಹಿಂದೆ ಎಸ್ಟೋನಿಯಾದ ಯೂರಿ ಲೊಸ್‌ಮನ್. ಕೊಲೆಮೈನೆನ್ ಅಂದರೆ 1912ರ ಸ್ಟಾಕ್‌ಹೋಮ್‌ನಲ್ಲಿ ಮೂರು ಚಿನ್ನ ಗೆದ್ದಿದ್ದ ಮನುಷ್ಯ, ಫಿನ್‌ಲೆಂಡಿನ ದೂರ ಓಟದ ಪರಂಪರೆಗೆ ಬುನಾದಿ ಹಾಕಿದವರು. ಅವರಿಗೂ ಚೌಗುಲೆಗೂ ಅಂತರ 18 ನಿಮಿಷ. ಒಬ್ಬರ ಹಿಂದೆ ಓಟದ ಸಂಸ್ಕೃತಿ, ವರ್ಷಗಟ್ಟಲೆ ಸ್ಪರ್ಧೆ ಇತ್ತು. ಇನ್ನೊಬ್ಬರ ಹಿಂದೆ ಇದ್ದದ್ದು ಪುಣೆಯ ಕೂಟ, ಯುರೋಪಿಗೆ ಹೋದ ಮೇಲೆ ಸಿಕ್ಕ ಅಲ್ಪಕಾಲದ ತರಬೇತಿ. ಹಾಗಿದ್ದಾಗ 18 ನಿಮಿಷ ಜಾಸ್ತಿಯೋ ಕಮ್ಮಿಯೋ, ನೀವೇ ಹೇಳಿ.

ಹೆಸರಿನ ಬಗ್ಗೆಯೂ ಒಂದು ಮಾತು. ಫಡೆಪ್ಪ, ದರೆಪ್ಪ: ಎರಡೂ 'ಅಪ್ಪ'ನಲ್ಲಿ ಮುಗಿಯುವ, ನಮ್ಮ ಕಡೆ ಮನೆಮನೆಯಲ್ಲಿ ಕೇಳುವಂಥ ಹೆಸರು. ಚೌಗುಲೆ ಅನ್ನೋದು ದಖ್ಖನ್ನಿನ ಹಳ್ಳಿ ಆಡಳಿತದ ಹುದ್ದೆ, ಪಾಟೀಲರ ಸಹಾಯಕ. ಗಡಿಯ ಎರಡೂ ಕಡೆ ಈ ಅಡ್ಡಹೆಸರಿದೆ. ಬೆಳಗಾವಿ ಯಾರದ್ದು ಅಂತ ವರ್ಷಕ್ಕೊಮ್ಮೆ ಬಸ್ಸಿಗೆ ಮಸಿ ಬಳಿಯೋ ಎರಡೂ ಕಡೆಯವರು ಈ ಹೆಸರನ್ನು ಒಮ್ಮೆ ಪೂರ್ತಿ ಓದಬೇಕು. ಆಗ ಬೆಳಗಾವಿ ಇದ್ದದ್ದು ಬಾಂಬೆ ಪ್ರೆಸಿಡೆನ್ಸಿಯಲ್ಲಿ, ಪುಣೆ ಅದೇ ಪ್ರಾಂತ್ಯದ ಊರು. ಕಲಬುರಗಿ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಪುಣೆಯ ಕೂಟದ ಸುದ್ದಿ ಬೆಳಗಾವಿಗೆ ತಲುಪಿದಷ್ಟು ಸುಲಭವಾಗಿ ಭೀಮಾ ದಂಡೆಯ ಹಳ್ಳಿಗಳಿಗೆ ತಲುಪುವ ದಾರಿಯೇ ಇರಲಿಲ್ಲ. ಪ್ರತಿಭೆ ಎಲ್ಲ ಕಡೆ ಹುಟ್ಟಬಹುದು, ಅದು ನೋಡುವವರ ಕಣ್ಣಿಗೆ ಬೀಳಬೇಕಾದರೆ ಯಾವ ಆಡಳಿತದ ಕೆಳಗೆ, ಯಾವ ರೈಲ್ವೆ ಹಳಿಯ ಪಕ್ಕ ಹುಟ್ಟಿದ್ದೀರಿ ಅನ್ನೋದೂ ಮುಖ್ಯ.

ಆಂಟ್‌ವರ್ಪ್ ನಂತರ ಸಂಸ್ಥೆಗಳು ಬೆಳೆದವು. 1924ರ ಪ್ಯಾರಿಸ್‌ಗೆ ದೇಶಮಟ್ಟದ ಆಯ್ಕೆ ನಡೆಸಿ ತಂಡ ಕಳಿಸಿದರು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್ಜಿ ಮೊದಲ ಅಧ್ಯಕ್ಷ, ಅವರ ನಂತರ ಪಟಿಯಾಲದ ಮಹಾರಾಜ. ಉದ್ಯಮಿ, ಮಹಾರಾಜ, ಆಮೇಲೆ ರಾಜಕಾರಣಿ: ಕುರ್ಚಿಯ ಈ ಸರಣಿ ನಿಮಗೆ ಗೊತ್ತೇ ಇದೆ. ಆ ಸಂಸ್ಥೆಗೆ ಕಾರಣವಾದ ನಂಬಿಕೆ ಮಾತ್ರ ಹುಟ್ಟಿದ್ದು ಬರಿಗಾಲಿನ ರೈತ ಹುಡುಗರನ್ನು ನೋಡಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಹುಡುಗರಿಗೆ 1928ರ ಹಾಕಿ ಚಿನ್ನ, 1952ರ ಕೆ.ಡಿ. ಜಾಧವ್ ಕಂಚು ಬಾಯಿಪಾಠ. ಆ ಜಾಧವ್ ಕೂಡ ಸಾತಾರಾ ಕಡೆಯ ಹಳ್ಳಿಯವರು. ಹೆಲ್ಸಿಂಕಿಗೆ ಹೋಗಲು ಊರವರು ದುಡ್ಡು ಕೂಡಿಸಿದರು, ಕೊಲ್ಹಾಪುರದ ಪ್ರಾಂಶುಪಾಲರೊಬ್ಬರು ತಮ್ಮ ಮನೆ ಅಡವಿಟ್ಟು 7,000 ರೂಪಾಯಿ ಕೊಟ್ಟರು. ಇಂಥ ಕಥೆಗಳನ್ನು ತ್ಯಾಗದ ಕಥೆ ಅಂತ ಹೇಳಿ ಕಣ್ಣೀರು ಹಾಕೋದು ನಮಗೆ ರೂಢಿಯಾಗಿದೆ. ನನಗೆ ಅವು ಬಜೆಟ್ಟಿನ ಕಥೆಯಾಗಿ ಕಾಣ್ತವೆ: ಸರ್ಕಾರದ ಜಾಗದಲ್ಲಿ ಯಾರೋ ಒಬ್ಬರು ತಮ್ಮ ಜೇಬಿನಿಂದ ಕೊಟ್ಟರು.

ಚೌಗುಲೆಯವರ 19ನೇ ಸ್ಥಾನವನ್ನು ಭಾರತದ ಒಬ್ಬ ಓಟಗಾರ ಮೀರಿಸಿದ್ದು 1976ರಲ್ಲಿ. ಮಾಂಟ್ರಿಯಲ್‌ನಲ್ಲಿ ಶಿವನಾಥ್ ಸಿಂಗ್ 11ನೆಯವರಾದರು. ಅವರೂ ಬರಿಗಾಲಲ್ಲಿ ಓಡುವುದಕ್ಕೇ ಹೆಸರಾದವರು. 1978ರಲ್ಲಿ ಜಲಂಧರ್‌ನಲ್ಲಿ ಅವರು ಓಡಿದ 2 ಗಂಟೆ 12 ನಿಮಿಷ ನಾಲ್ಕು ದಶಕಕ್ಕೂ ಹೆಚ್ಚು ಕಾಲ ರಾಷ್ಟ್ರೀಯ ದಾಖಲೆಯಾಗಿ ಉಳಿಯಿತು. ಶಿವನಾಥ್ ಸೈನ್ಯದವರು. 2016ರ ರಿಯೊದಲ್ಲಿ 25ನೆಯವರಾದ ಟಿ. ಗೋಪಿ ಕೂಡ ಸೈನ್ಯದವರೇ. ಸೈನ್ಯಕ್ಕೆ ಸೇರುವವರ ರಕ್ತದಲ್ಲೇನೂ ವಿಶೇಷವಿಲ್ಲ. ಅಲ್ಲಿ ಸಮಯ ಬರೆದಿಡ್ತಾರೆ, ಕೋಚ್ ಇರ್ತಾರೆ, ತಿಂಗಳ ಸಂಬಳ ಇರುತ್ತೆ, ಊಟ ಇರುತ್ತೆ. ಓಟಗಾರನಿಗೆ ಬೇಕಿರೋದು ಇಷ್ಟೇ.

ಹಾಗಂತ ಸರ್ಕಾರ ಪ್ರತಿಭೆ ಹುಡುಕೋಕೆ ಹೋಗಲೇ ಇಲ್ಲ ಅನ್ನೋಕಾಗಲ್ಲ. 1980ರ ದಶಕದ ಕೊನೆಯಲ್ಲಿ, ಮಾರ್ಗರೆಟ್ ಆಳ್ವ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಯೋಜನೆಯಡಿ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಕ್ಕಳನ್ನು ಹಾಸ್ಟೆಲ್‌ಗೆ ಕರೆತಂದಿತು. ಅವರಲ್ಲಿ ಕೆಲವರು ರಾಷ್ಟ್ರಮಟ್ಟದ ಪದಕ ಗೆದ್ದರು. 1990ರ ದಶಕದ ಮೊದಲ ಭಾಗದಲ್ಲೇ ಸಿದ್ದಿಗಳ ಆ ಯೋಜನೆ ನಿಂತುಹೋಯಿತು, ಮಕ್ಕಳು ಓಟವನ್ನೂ ಬಿಟ್ಟು ಊರಿಗೆ ವಾಪಸಾದರು. ಆಫ್ರಿಕಾ ಮೂಲದವರು, ಹಾಗಾಗಿ ಓಡ್ತಾರೆ ಅನ್ನೋ ಊಹೆಯಲ್ಲೇ ಒಂದು ಜನಾಂಗೀಯ ಸೋಮಾರಿತನ ಇತ್ತು. ದೊರಾಬ್ಜಿಯವರ ಕಾಲದ ನಂಬಿಕೆಯೂ ಇದರ ದಾಯಾದಿಯೇ: ಹಳ್ಳಿಯಿಂದ ಕಚ್ಚಾ ಸರಕು ತನ್ನಿ, ಊಟ ಮತ್ತು ಕೋಚ್ ಸೇರಿಸಿ, ಪದಕ ಬರುತ್ತೆ. ಬರದಿದ್ದರೆ ಸರಕು ವಾಪಸ್. ಅಂಟಿಕೊಂಡು ಹತ್ತು ಹದಿನೈದು ವರ್ಷ ದುಡ್ಡು ಹಾಕುವ ತಾಳ್ಮೆ ಎರಡೂ ಕಾಲದಲ್ಲಿ ಕಾಣಲಿಲ್ಲ.

ಈಗ ಕಾನ್‌ಸ್ಟೆಬಲ್ ಫಿಸಿಕಲ್ ವಿಷಯ. ಅಗ್ನಿವೀರ್ ರ್‍ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ, ತಡವಾದಂತೆ ಅಂಕ ಕಡಿಮೆ. ನಮ್ಮ ಕಾನ್‌ಸ್ಟೆಬಲ್ ಫಿಸಿಕಲ್ ಹಾಗಲ್ಲ, ಅದು ಅರ್ಹತೆಗೆ ಮಾತ್ರ. 6 ನಿಮಿಷ 29 ಸೆಕೆಂಡ್ ಓಡಿದವನೂ ಪಾಸ್, ಐದು ನಿಮಿಷದೊಳಗೆ ಮುಗಿಸಿದವನೂ ಪಾಸ್, ಆಯ್ಕೆ ಪಟ್ಟಿಗೆ ಈ ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಯೋಚನೆ ಮಾಡಿ. ಕರ್ನಾಟಕದ ಅತಿದೊಡ್ಡ ಓಟದ ಪರೀಕ್ಷೆಗಳಲ್ಲಿ ಒಂದನ್ನು ನಡೆಸೋದು ಪೊಲೀಸ್ ಇಲಾಖೆ. ಹಳ್ಳಿ ಹಳ್ಳಿಯಿಂದ ಹುಡುಗರು ತಾವಾಗಿಯೇ ಬಂದು, ಅಳತೆ ಮಾಡಿದ ಟ್ರ್ಯಾಕಿನಲ್ಲಿ, ಅಧಿಕಾರಿಗಳ ಎದುರು ಓಡಿ ತೋರಿಸ್ತಾರೆ. ಪ್ರತಿಭಾನ್ವೇಷಣೆ ಅಂತ ಇದಕ್ಕಿಂತ ದೊಡ್ಡ ಜಾಲ ಯಾವ ಕ್ರೀಡಾ ಇಲಾಖೆಯೂ ಬೀಸಲಾರದು.

ಲಿಖಿತ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ಆ ಹುಡುಗ ಅಲ್ಲಿಗೆ ಮುಗಿದ. (ಲಿಖಿತ ಪರೀಕ್ಷೆ ಎಷ್ಟು ಶುದ್ಧ ಅನ್ನೋದನ್ನು ಕಲಬುರಗಿಯವರಿಗೆ ಹೇಳಬೇಕಿಲ್ಲ. 545 ಪಿಎಸ್‌ಐ ಹುದ್ದೆಗಳ 2021ರ ಪರೀಕ್ಷೆಯ ಅಕ್ರಮದ ಎಳೆ ಸಿಕ್ಕಿದ್ದೇ ಇಲ್ಲಿನ ಕೇಂದ್ರದಲ್ಲಿ.) 1600 ಮೀಟರನ್ನು ಐದು ನಿಮಿಷದ ಆಸುಪಾಸಿನಲ್ಲಿ ಮುಗಿಸಿದವರ ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಯುವಜನ ಸೇವೆ ಮತ್ತು ಕ್ರೀಡಾ ಇಲಾಖೆಗೆ ಕೊಡಲು ಹೊಸ ಕಾನೂನು ಬೇಕಿಲ್ಲ. 371ಜೆ ಹೆಸರಿನಲ್ಲಿ ಬರುವ ಹಣದಲ್ಲಿ ತಾಲೂಕಿಗೊಬ್ಬ ದೂರ ಓಟದ ಕೋಚ್‌ಗೆ ಸಂಬಳ ಕೊಡಲು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಯಾರೂ ಅಡ್ಡ ಬರಲ್ಲ. ಮಂಡಳಿಯ ಸಭೆಗಳಲ್ಲಿ ಕಟ್ಟಡದ ಬಗ್ಗೆ ಕೇಳುವ ಶಾಸಕರಿಗೆ ನೀವು ಇದನ್ನೂ ಕೇಳಬಹುದು.

ಇನ್ನು ವಯಸ್ಸಿನ ಲೆಕ್ಕ. ಆಂಟ್‌ವರ್ಪ್ ಗೆದ್ದಾಗ ಕೊಲೆಮೈನೆನ್‌ಗೆ 30. ಮಾಂಟ್ರಿಯಲ್‌ನಲ್ಲಿ ಓಡಿದಾಗ ಶಿವನಾಥ್‌ಗೂ 30. ದೂರದ ಓಟಕ್ಕೆ ದೇಹ ಮಾಗೋದು ಆಗಲೇ. ಕರಜಗಿಯ ರಸ್ತೆಯಲ್ಲಿ ಓಡುವ ಬಹುತೇಕ ಹುಡುಗರಿಗೆ ನೇಮಕಾತಿಯ ವಯೋಮಿತಿ ಅಷ್ಟರೊಳಗೆ ಮುಗಿದಿರುತ್ತೆ, ಓಟವೂ ಅಲ್ಲಿಗೇ ನಿಂತಿರುತ್ತೆ.