ಮನೆಯಿಂದ ಹೊರಟ ನಾದ

ಬೀದರ, ಭಾಲ್ಕಿ, ಔರಾದಗಳ ತರುಣರು ಇಂದು ಮನೆಯ ಕೋಣೆಯಲ್ಲಿಯೇ ಹಾಡು ಕಟ್ಟಿ, ಧ್ವನಿಮುದ್ರಿಸಿ, ಲೋಕಕ್ಕೆ ಕೇಳಿಸಬಲ್ಲರು. ಇದು ಹೊಸಗಾಲದ ಹುಚ್ಚೆಂದು ನಾನೂ ಒಮ್ಮೆ ಭಾವಿಸಿದ್ದುಂಟು. ಇತಿಹಾಸವು ಬೇರೆಯದನ್ನು ಹೇಳುತ್ತದೆ.

1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ 30 ವಾಟ್ ಶಕ್ತಿಯ ಪುಟ್ಟ ಯಂತ್ರದಿಂದ ಬಾನುಲಿಯನ್ನು ಆರಂಭಿಸಿದರು. ಅದು 'ಆಕಾಶವಾಣಿ' ಎನಿಸಿತು. ಮುಂದೆ ದೇಶದ ಬಾನುಲಿಗೇ ಆ ಹೆಸರು ಬಂದಿತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಬೀದರಿಗೆ ಆ ದನಿ ದೂರದ್ದು. ಸಮೀಪದ ಕಲಬುರಗಿಯಲ್ಲಿ ಕೇಂದ್ರ ತೆರೆದದ್ದು 1966ರಲ್ಲಿ. ಧ್ವನಿಪರೀಕ್ಷೆಯಲ್ಲಿ ಗೆದ್ದವರಿಗಷ್ಟೇ ಅಲ್ಲಿ ಪ್ರವೇಶ. ಆದರೆ ಹಾಡಿದವರಿಗೆ ಸಂಭಾವನೆ ಖಚಿತ.

ಇಂದು ಬಾಗಿಲು ಕಾಯಬೇಕಿಲ್ಲ. ಸಂಭಾವನೆಯ ಭರವಸೆಯೂ ಇಲ್ಲ. ಔರಾದದ ನನ್ನ ಶಿಷ್ಯನೊಬ್ಬನು ಸಂಸ್ಥೆಯೊಂದಕ್ಕಾಗಿ ಪದಗಳಿಗೆ ರಾಗ ಹಾಕಿ ಮುದ್ರಿಸಿಕೊಟ್ಟನು. ಶಾಲು ಬಂದಿತು, ಹಣ ಬರಲಿಲ್ಲ. ಕೇಳಲು ಅವನಿಗೆ ಸಂಕೋಚ.

ಆ ಸಂಕೋಚ ಸಲ್ಲದು. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಾದ ತಿದ್ದುಪಡಿಯು ಧ್ವನಿಮುದ್ರಿಕೆಯ ರಾಯಧನದಲ್ಲಿ ಪದ ಬರೆದವನಿಗೂ ರಾಗ ಹಾಕಿದವನಿಗೂ ಸಮಪಾಲನ್ನು ಕೊಟ್ಟಿದೆ. ಆ ಹಕ್ಕನ್ನು ಬಿಟ್ಟುಕೊಟ್ಟೆನೆಂದು ಬರೆಸಿಕೊಂಡರೂ ಅದು ನಿಲ್ಲದು. ತರುಣರು ಶ್ರುತಿಯೊಡನೆ ಕರಾರುಪತ್ರವನ್ನೂ ಓದಲು ಕಲಿಯಲಿ. ಶಾಲು ಹೊದಿಸುವವರು ಮೊದಲು ಲೆಕ್ಕ ಚುಕ್ತಾ ಮಾಡಲಿ.