ರೋಟಿಸರಿ ಹರಾಜು ಮತ್ತು ಒಬ್ಬ ಮೇಷ್ಟ್ರ ಲೆಕ್ಕ



ಮೂವತ್ತು ವರ್ಷಕ್ಕೂ ಮಿಗಿಲಾಗಿ ಇತಿಹಾಸವನ್ನು ಬೋಧಿಸಿದ ನನಗೆ ಒಂದು ಆಟದ ಇತಿಹಾಸವೇ ಪಾಠ ಹೇಳಿದ ಪ್ರಸಂಗವನ್ನು ಇಂದು ಬರೆಯುತ್ತಿದ್ದೇನೆ. 2023ರ ಮಾರ್ಚ್ ತಿಂಗಳಿನಲ್ಲಿ ನಾನು ಬಾಸ್ಟನ್ ನಗರದ ಸಮೀಪ ಮಗಳ ಮನೆಯಲ್ಲಿದ್ದೆ. ಒಂದು ಭಾನುವಾರ ಮೊಮ್ಮಗನೂ ಅವನ ಗೆಳೆಯರೂ ಊಟದ ಮೇಜಿನ ಸುತ್ತ ಕುಳಿತು ಬೇಸ್‌ಬಾಲ್ ಆಟಗಾರರನ್ನು ಹರಾಜು ಹಾಕತೊಡಗಿದರು. ಹತ್ತನೆಯ ಹುಡುಗ ಬಾರದ ಕಾರಣ ಅವನ ತಂಡ ನನ್ನ ಪಾಲಿಗೆ ಬಂದಿತು. ಐಪಿಎಲ್ ಹರಾಜನ್ನು ಕಂಡ ನಿಮಗೆ ಈ ದೃಶ್ಯ ಹೊಸದಲ್ಲ. ವ್ಯತ್ಯಾಸವಿಷ್ಟೆ: ಇಲ್ಲಿ ಆಟಗಾರರು ನಿಜ, ತಂಡ ಮಾತ್ರ ಕಲ್ಪಿತ. ನಾವು ಕೊಂಡ ಆಟಗಾರರು ಋತುವಿನುದ್ದಕ್ಕೂ ಮೈದಾನದಲ್ಲಿ ಏನು ಸಾಧಿಸುತ್ತಾರೋ ಅದೇ ನಮ್ಮ ತಂಡದ ಗಳಿಕೆ.

ಈ ಆಟದ ಮೂಲವನ್ನು ಹುಡುಕಿದಾಗ ನನಗೆ ಮೊದಲು ಎದುರಾದವರು ಒಬ್ಬ ಅಧ್ಯಾಪಕರು. 1960ರಲ್ಲಿ ಹಾರ್ವರ್ಡ್‌ನಲ್ಲಿದ್ದ ಸಮಾಜಶಾಸ್ತ್ರಜ್ಞ ವಿಲಿಯಂ ಗ್ಯಾಮ್ಸನ್ ಅವರು ಸಹೋದ್ಯೋಗಿಗಳೊಡನೆ 'ಬೇಸ್‌ಬಾಲ್ ಸೆಮಿನಾರ್' ಎಂಬ ಗಂಭೀರ ಹೆಸರಿನಲ್ಲಿ ಇಂತಹ ಆಟವೊಂದನ್ನು ಆರಂಭಿಸಿದರು. ಮುಂದೆ ಅವರು ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಾಗ ಆಟವೂ ಜೊತೆಗೆ ಹೋಯಿತು. ಅಲ್ಲಿ ಇದರಲ್ಲಿ ತೊಡಗಿದ್ದ ಪ್ರಾಧ್ಯಾಪಕ ರಾಬರ್ಟ್ ಸ್ಕ್ಲಾರ್ ಅವರಿಂದ ಡೇನಿಯಲ್ ಓಕ್ರೆಂಟ್ ಎಂಬ ವಿದ್ಯಾರ್ಥಿ ಇದರ ವಿಚಾರವನ್ನು ಕೇಳಿ ತಿಳಿದನು. ಗುರುಗಳು ಪಾಠದ ನಡುವೆ ಆಡಿದ ಹೊರಗಿನ ಮಾತೇ ಶಿಷ್ಯನಲ್ಲಿ ಉಳಿಯುವುದು ಎಂಬುದಕ್ಕೆ ಇದೊಂದು ನಿದರ್ಶನ.

ಆ ಓಕ್ರೆಂಟ್ ಬರಹಗಾರರಾಗಿ, ಸಂಪಾದಕರಾಗಿ ಬೆಳೆದರು. 1979ರ ಕೊನೆಯಲ್ಲಿ ಟೆಕ್ಸಾಸಿಗೆ ಹೋಗುವ ವಿಮಾನದಲ್ಲಿ ಕುಳಿತು ಅವರು ಹೊಸ ನಿಯಮಗಳನ್ನು ರೂಪಿಸಿದರು. ನ್ಯೂಯಾರ್ಕಿನ 'ಲಾ ರೋಟಿಸರಿ ಫ್ರಾನ್ಸೇಸ್' ಎಂಬ ಭೋಜನಗೃಹದಲ್ಲಿ ಸೇರುತ್ತಿದ್ದ ಮಿತ್ರರು ಅದಕ್ಕೆ ಒಪ್ಪಿದರು. ಹೀಗೆ 1980ರ ಏಪ್ರಿಲ್‌ನಲ್ಲಿ ಮೊದಲ ಹರಾಜು ನಡೆಯಿತು. ಭೋಜನಗೃಹದ ಹೆಸರೇ ಆಟಕ್ಕೆ ಅಂಟಿಕೊಂಡಿತು.

ಮುಂದೆ ಸ್ಥಿರಗೊಂಡ ನಿಯಮದಂತೆ ಪ್ರತಿಯೊಬ್ಬನ ಬಳಿ 260 ಡಾಲರ್. ಅದರಲ್ಲಿ 23 ಆಟಗಾರರನ್ನು ಕೊಳ್ಳಬೇಕು. ಗೆಲುವನ್ನು ಎಂಟು ವಿಭಾಗಗಳಲ್ಲಿ ಅಳೆಯುತ್ತಿದ್ದರು. ದಾಂಡಿಗರಿಗೆ ಬ್ಯಾಟಿಂಗ್ ಸರಾಸರಿ, ಹೋಮ್ ರನ್, ತನ್ನ ಹೊಡೆತದಿಂದ ತಂಡಕ್ಕೆ ತಂದ ರನ್ನುಗಳು ಮತ್ತು ಕದ್ದ ಬೇಸ್‌ಗಳು, ಅಂದರೆ ಪಿಚರನ ಕಣ್ಣು ತಪ್ಪಿಸಿ ಓಡಿ ಮುಂದಿನ ಬೇಸನ್ನು ಸೇರುವುದು. ಚೆಂಡೆಸೆಯುವ ಪಿಚರುಗಳಿಗೂ ಇಂತಹವೇ ನಾಲ್ಕು. ಹತ್ತು ತಂಡಗಳಿದ್ದರೆ ಪ್ರತಿ ವಿಭಾಗದಲ್ಲಿ ಮೊದಲನೆಯವನಿಗೆ 10 ಅಂಕ, ಕೊನೆಯವನಿಗೆ 1. ಮೊಮ್ಮಗನ ಬಳಗವೂ ಈ ಹಳೆಯ ಕ್ರಮವನ್ನೇ ಅನುಸರಿಸಿತ್ತು.

ನಿಯಮ ಬದಲಾದರೆ ಆಟಗಾರನ ಬೆಲೆಯೂ ಬದಲಾಗುತ್ತದೆ ಎಂಬುದೇ ಈ ಆಟದ ತಿರುಳು. ಓಕ್ರೆಂಟ್ ಬಳಗವು ನ್ಯಾಷನಲ್ ಲೀಗಿನ ಆಟಗಾರರನ್ನು ಮಾತ್ರ ಬಳಸುತ್ತಿತ್ತು. ಆಗ ಅದರಲ್ಲಿ 12 ತಂಡಗಳು. ತಂಡಕ್ಕೆ 25ರಂತೆ 300 ಮಂದಿ. ಹತ್ತು ಜನ 23ರಂತೆ ಕೊಂಡರೆ 230 ಮಂದಿ ಖರ್ಚಾದರು. ಹೀಗಿರುವಾಗ ಬೆಂಚಿನ ಮೇಲೆ ಕೂರುವವನಿಗೂ ಗಿರಾಕಿಯುಂಟು. ಪ್ರತಿಯೊಬ್ಬನೂ ಇಬ್ಬರು ಕ್ಯಾಚರುಗಳನ್ನು ಇಟ್ಟುಕೊಳ್ಳಬೇಕಾದರೆ 20 ಮಂದಿ ಬೇಕು. ನಿತ್ಯ ಆಡುವ ಕ್ಯಾಚರುಗಳಾದರೋ 12 ಮಂದಿ. ಆದುದರಿಂದ ಸಾಧಾರಣ ಕ್ಯಾಚರನೂ ದುಬಾರಿ. ಎರಡೂ ಲೀಗುಗಳನ್ನು ಬೆರೆಸಿ ಆಡುವಾಗಲಾದರೋ ಆಟಗಾರರು ಹೇರಳ. ಅಲ್ಲಿ ಸಾಧಾರಣನನ್ನು ಕೊನೆಗೆ ಒಂದು ಡಾಲರಿಗೆ ಪಡೆದು, ಉಳಿದ ಹಣವನ್ನು ಅಗ್ರಗಣ್ಯರ ಮೇಲೆ ಸುರಿಯುವುದೇ ಜಾಣತನ. ಹರಾಜಿಗೆ ಬದಲಾಗಿ ಸರದಿಯಂತೆ ಆರಿಸುವ ಪದ್ಧತಿಯೂ ಇದೆ. ಅದರಲ್ಲಿ ಒಂದು ಸುತ್ತು ಮುಗಿದೊಡನೆ ಸರದಿ ಹಿಂದುಮುಂದಾಗುತ್ತದೆ. ಮುಂದಿನ ವರ್ಷಕ್ಕೂ ಆಟಗಾರನನ್ನು ಹಳೆಯ ಬೆಲೆಗೇ ಉಳಿಸಿಕೊಳ್ಳಬಹುದಾದ ಲೀಗಿನಲ್ಲಿ ಹೆಸರಿಲ್ಲದ ಎಳೆಯನೇ ಚಿನ್ನ.

ಸೇಂಟ್ ಲೂಯಿಸ್ ತಂಡದ ವಿನ್ಸ್ ಕೋಲ್ಮನ್ ಎಂಬಾತನನ್ನು ನೋಡಿ. 1986ರಲ್ಲಿ ಆತನ ಬ್ಯಾಟಿಂಗ್ ಸರಾಸರಿ .232, ಹೋಮ್ ರನ್ ಸೊನ್ನೆ. ಆದರೆ ಕದ್ದ ಬೇಸ್‌ಗಳು 107! ರೋಟಿಸರಿ ಲೆಕ್ಕದಲ್ಲಿ ಈತನೊಬ್ಬನೇ ಒಂದು ವಿಭಾಗವನ್ನು ಗೆದ್ದುಕೊಡಬಲ್ಲ. ಪ್ರತಿ ಹೊಡೆತಕ್ಕೂ ಅಂಕವನ್ನು ಕೂಡಿಸುತ್ತ ಹೋಗುವ ಲೀಗಿನಲ್ಲಾದರೆ ಹೋಮ್ ರನ್ನಿಗೆ ಹೆಚ್ಚು ಅಂಕ, ಕದ್ದ ಬೇಸಿಗೆ ಕಡಿಮೆ. ಅಲ್ಲಿ ಈತನ ಬೆಲೆ ಇಳಿಯುತ್ತದೆ. ಮನುಷ್ಯ ಅವನೇ, ಓಟವೂ ಅದೇ.

1981ರ ಜೂನ್‌ನಲ್ಲಿ ಆಟಗಾರರು ಮುಷ್ಕರ ಹೂಡಿದರು. ಸುಮಾರು ಎರಡು ತಿಂಗಳು ಬೇಸ್‌ಬಾಲ್ ನಿಂತಿತು. ಬರೆಯಲು ವಿಷಯವಿಲ್ಲದ ಪತ್ರಕರ್ತರು ಈ ವಿಚಿತ್ರ ಲೀಗನ್ನು ಕುರಿತು ಬರೆದರು. ಆಟ ದೇಶದ ತುಂಬ ಹರಡಿತು. 1984ರಲ್ಲಿ ನಿಯಮಗಳ ಪುಸ್ತಕವೇ ಬಂದಿತು. ಅಂತರಜಾಲವಿಲ್ಲದ ಆ ಕಾಲದಲ್ಲಿ ಲೆಕ್ಕವನ್ನು ಪತ್ರಿಕೆ ನೋಡಿ ಕೈಯಲ್ಲೇ ಮಾಡಬೇಕಿತ್ತು. ಮುಂದೆ ಇದು ದೊಡ್ಡ ವ್ಯಾಪಾರವಾದಾಗ ಆಟಗಾರರ ಹೆಸರು, ಅಂಕಿ ಅಂಶಗಳು ಯಾರ ಸೊತ್ತು ಎಂಬ ವ್ಯಾಜ್ಯವೆದ್ದಿತು. 2007ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯವು ಅವು ಸಾರ್ವಜನಿಕರಿಗೆಲ್ಲ ಲಭ್ಯವಿರುವ ಮಾಹಿತಿ, ಅವನ್ನು ಬಳಸಲು ಸಂವಿಧಾನದ ರಕ್ಷಣೆಯಿದೆ ಎಂದು ತೀರ್ಪಿತ್ತಿತು. ನಮ್ಮಲ್ಲಿ ಕ್ರಿಕೆಟ್ಟಿನ ಹೆಸರಿನಲ್ಲಿ ಬೆಳೆದ ಹಣದ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ನಿಷೇಧಿಸಿದ್ದನ್ನು ನೀವು ಬಲ್ಲಿರಿ. ಹುಡುಗರ ಮೇಜಿನ ಮೇಲಿದ್ದುದು ಬರಿಯ ಕಾಗದದ ಡಾಲರು.

ಇನ್ನು ನನ್ನ ತಂಡದ ಕಥೆ. ನಾನು ಮೊಮ್ಮಗನನ್ನು ಕೇಳದೆ, ಹೋಮ್ ರನ್ ಹೊಡೆಯುವ ಬಲಶಾಲಿಗಳನ್ನೇ ಕೊಂಡೆ. ಅಕ್ಟೋಬರಿನಲ್ಲಿ, ನಾನು ಊರಿಗೆ ಮರಳಿದ ಮೇಲೆ, ಅವನ ದೂರವಾಣಿ ಕರೆ ಬಂದಿತು. ಹೋಮ್ ರನ್ನಿನಲ್ಲಿ ನನಗೆ ಹತ್ತಕ್ಕೆ ಹತ್ತು. ಕದ್ದ ಬೇಸ್‌ನಲ್ಲಿ ಒಂದು. ಒಟ್ಟಿನಲ್ಲಿ ಒಂಬತ್ತನೆಯ ಸ್ಥಾನ. "ತಾತ, ಎರಡನೆಯವನಿಗಿಂತ ಒಂದು ಹೋಮ್ ರನ್ ಜಾಸ್ತಿ ಇದ್ದಿದ್ರೂ ಹತ್ತು ಅಂಕಾನೇ ಸಿಗ್ತಿತ್ತು. ನಿಮ್ಮದು ನಲವತ್ತು ಜಾಸ್ತಿ!" ಎಂದ. ಓಕ್ರೆಂಟ್ ಅವರೂ ತಾವು ಕಟ್ಟಿದ ಲೀಗನ್ನು ಒಮ್ಮೆಯೂ ಗೆಲ್ಲಲಿಲ್ಲವೆಂಬುದು ನನಗೊಂದು ಸಮಾಧಾನ.

ಆದರೆ ಆ ರಾತ್ರಿ ನನಗೆ ನೆನಪಾದವನು ಕೋಲ್ಮನ್ ಅಲ್ಲ, ಹಿಂದಿನ ಬೆಂಚಿನ ಒಬ್ಬ ಹುಡುಗ. ಹೆಸರು ಬರೆಯುವುದಿಲ್ಲ, ಅವನ ಸಹಪಾಠಿಗಳು ಗುರುತಿಸಬಲ್ಲರು. ಪುಸ್ತಕ ನೋಡದೆ ಕಪ್ಪುಹಲಗೆಯ ಮೇಲೆ ವಿಜಯನಗರ ಸಾಮ್ರಾಜ್ಯದ ಎಲ್ಲೆಯನ್ನೂ ಕೃಷ್ಣಾ, ತುಂಗಭದ್ರೆಯರ ತಿರುವುಗಳನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಎಳೆಯುತ್ತಿದ್ದ. ಪ್ರಶ್ನೆಪತ್ರಿಕೆಯಲ್ಲಿ ಭೂಪಟಕ್ಕೆ ಇದ್ದ ಅಂಕಗಳು ಕೆಲವೇ. ಉಳಿದುದನ್ನು ಅವನು ಬರೆಯಲಾರ. ನಾನು ಅವನ ತಂದೆಯನ್ನು ಕರೆಸಿ, "ಇವನಿಗೆ ವಿದ್ಯೆ ಹತ್ತುವುದಿಲ್ಲ" ಎಂದೆ. ಹತ್ತನೆಯ ತರಗತಿಗೆ ಅವನ ಶಾಲೆ ಮುಗಿಯಿತು. ನನ್ನ ಬಳಿಯಿದ್ದುದು ಒಂದೇ ಲೀಗಿನ ನಿಯಮ. ಅದನ್ನೇ ಹುಡುಗನ ಬೆಲೆಯೆಂದು ತಿಳಿದೆ.

ಅಪ್ಪಾ, ಈ ಪುಟವನ್ನು ಯಾರಾದರೂ ನಿನಗೆ ತೋರಿಸಿದರೆ ಒಮ್ಮೆ ಮನೆಗೆ ಬಾ. ನೀನು ಬರೆದ ಆ ಭೂಪಟವನ್ನು ಮರುದಿನದ ಪಾಠಕ್ಕಾಗಿ ಒರೆಸಿದವನು ನಾನೇ.

ನಿಮ್ಮ,
ಮೇಷ್ಟ್ರು